ನಾಲ್ಕು ಫೂಟು ನೀರು

ಇಲ್ಲಿ ಹೆಣದ ಮುಂದೆ ಕುಣಿಯುತ್ತಾರೆ. ಚೆನ್ನೈ ಹತ್ತಿರದ ಒರಗಡಕ್ಕೆ ಬಂದ ಮೂರನೆಯ ದಿನ, ಬಾಡಿಗೆ ಕೋಣೆಯ ಕೆಳಗೆ ಸದ್ದು ಕೇಳಿ ಮದುವೆಯ ಮೆರವಣಿಗೆ ಇರಬೇಕೆಂದು ಹೊರಗೆ ಬಂದೆ. ಹೂವಿನ ಚಟ್ಟದ ಮೇಲೆ ಒಬ್ಬ ಮುದುಕ ಮಲಗಿದ್ದ. ಮುಂದೆ ಅವನ ಮೊಮ್ಮಕ್ಕಳಿರಬೇಕು, ಪರೈ ಬಡಿತಕ್ಕೆ ಕುಣಿಯುತ್ತಿದ್ದರು. ಪರೈ ಎಂದರೆ ನಮ್ಮ ಹಲಗೆಯಂಥದ್ದೇ. ನಮ್ಮ ಮೂಡಲಗಿಯ ಮನೆಗಳಲ್ಲಿ ಸತ್ತವರನ್ನು ಕೂಡಿಸಿ, ವಿಭೂತಿ ಹಚ್ಚಿ, ಭಜನೆ ಹೇಳುತ್ತ ಒಯ್ಯುತ್ತೇವೆ. ಮರುದಿನ ರಸ್ತೆಯಲ್ಲಿ ಬಿದ್ದಿದ್ದ ಹೂವಿನ ಎಸಳು ತುಳಿಯಲಾಗದೆ ಸುತ್ತುಹಾಕಿ ಬಸ್ಸಿಗೆ ಹೋದೆ.

ಗೋಕಾಕದಲ್ಲಿ ಡಿಪ್ಲೊಮಾ ಓದಿ, ಹುಕ್ಕೇರಿಯಲ್ಲಿ ಆರು ವರ್ಷ ಟ್ರ್ಯಾಕ್ಟರುಗಳ ವಾಯರಿಂಗ್ ನೋಡಿದವಳು ನಾನು. ಇಲ್ಲಿ ಟ್ರಕ್ಕುಗಳ ಕೆಲಸ. ಒಂದು ಟ್ರಕ್ಕಿನಲ್ಲಿ ಇಪ್ಪತ್ತು ಮೂವತ್ತು ಸಣ್ಣ ಕಂಪ್ಯೂಟರುಗಳಿರುತ್ತವೆ. ಎಂಜಿನ್ನಿನದೊಂದು, ಬ್ರೇಕಿನದೊಂದು, ಮೀಟರಿನದೊಂದು. ಎಲ್ಲವೂ ಎರಡು ತಂತಿಗಳ ಮೇಲೆ ಮಾತಾಡಿಕೊಳ್ಳುತ್ತವೆ. ಯಾರು, ಯಾರಿಗೆ, ಎಷ್ಟು ಹೊತ್ತಿಗೊಮ್ಮೆ ಏನು ಹೇಳಬೇಕು ಎಂಬುದೆಲ್ಲ ಒಂದು ಡೇಟಾಬೇಸಿನಲ್ಲಿ ಸಾಲುಸಾಲಾಗಿ ಇರುತ್ತದೆ. ಹೇಳುವವರು ಸುಮ್ಮನಾದರೆ ಎಷ್ಟು ಹೊತ್ತು ಕಾಯಬೇಕು, ಆಮೇಲೆ ಏನೆಂದು ತಿಳಿಯಬೇಕು? ಕೊನೆಯ ಆ ಎರಡು ಕಾಲಮ್ ತುಂಬುವುದು ನನ್ನ ಕೆಲಸ. ಈ ವರ್ಷ ಅದರಲ್ಲಿ ಒಂದು ಸಾಲನ್ನು ಹನ್ನೊಂದು ದಿನ ಖಾಲಿ ಬಿಟ್ಟಿದ್ದೆ.

ಊರಿನಲ್ಲಿ ನನ್ನ ಅಣ್ಣ ಹಿಡಕಲ್ ಅಣೆಕಟ್ಟಿನ ನೀರು ಬರುವ ಕಾಲುವೆಯ ಗೇಟು ನೋಡುತ್ತಿದ್ದ. ಚಿಕ್ಕವಳಿದ್ದಾಗ ಅವನಿಗೆ ಬುತ್ತಿ ಒಯ್ಯುತ್ತಿದ್ದೆ. ಮೇಲಿನ ಗೇಟಿನಿಂದ ಸುದ್ದಿ ಬಂದರೆ ಚಕ್ರ ತಿರುಗಿಸುತ್ತಿದ್ದ, ಬರದಿದ್ದರೆ ಮುಟ್ಟುತ್ತಿರಲಿಲ್ಲ. "ಸುದ್ದಿ ಬರೂಮಟ ನಿನ್ನೆ ಎಷ್ಟಿತ್ತೋ ಅಷ್ಟ ಅಂತ ತಿಳೀಬೇಕವಾ. ಅಂದಾಜಿನ ಮ್ಯಾಲೆ ತಿರುವಿದರ ಯಾರದರೆ ಹೊಲ ಹೊಡಕೊಂಡ ಹೋಗತೈತಿ" ಅನ್ನುತ್ತಿದ್ದ.

ನಾನು ಅದನ್ನೇ ಇಲ್ಲಿಗೆ ತಂದೆ. ಮೊದಲ ಫೈಲಿನ ಪ್ರತಿ ಸಾಲಿಗೂ ‘ಸುದ್ದಿ ನಿಂತರೆ ಹಿಂದಿನ ಸಂಖ್ಯೆಯನ್ನೇ ಇಟ್ಟುಕೊ’ ಎಂಬ ಆಯ್ಕೆ ಹಾಕಿದ್ದೆ. ನಮ್ಮ ಗುಂಪಿನ ಹಿರಿಯರು ಸೆಲ್ವಿ ಅಕ್ಕ. ಹೊಸೂರಿನವರು, ಅವರ ಕನ್ನಡ ನಮ್ಮದಲ್ಲ.

"ಏನಮ್ಮಾ ಇದು? ಗಾಡಿ ನಿಂತೋದ್ರೂ ಮೀಟರು ಅರವತ್ತು ತೋರಿಸ್ಬೇಕಾ? ನಿಮ್ಮೂರಲ್ಲಿ ಹಿಂಗೇನಾ ಓಡ್ಸೋದು?"

ನಾನು ಗೇಟಿನ ಕತೆ ಹೇಳಿದೆ. ನಕ್ಕರು. "ನಿಮ್ಮಣ್ಣಂಗೆ ಹೇಳು, ಇದು ನೀರಲ್ಲ."

ಅಣ್ಣನಿಗೆ ಹೇಳಿದೆ. ದಿನಾ ಬೆಳಿಗ್ಗೆ ಏಳಕ್ಕೆ ಅವನ ಫೋನು ಬರುತ್ತಿತ್ತು. ನಮಸ್ಕಾರದ ಬದಲು ಕಾಲುವೆಯ ಮಟ್ಟ ಹೇಳುತ್ತಿದ್ದ. "ಮೂರೂವರಿ ಫೂಟ ಐತಿ. ನೀ ಹೆಂಗದಿ ಗೌರಿ?" ಇಲ್ಲಿ ಮೂರು ಹೊತ್ತೂ ಅನ್ನ. ನಮ್ಮ ಜೋಳಕ್ಕೆ ಇವರು ಚೋಳಂ ಅನ್ನುತ್ತಾರೆ. ಎರಡು ತಿಂಗಳು ಹುಡುಕಿ, ಬೀಸಿಸಿ, ಮೊದಲ ರೊಟ್ಟಿ ಬಡಿದ ದಿನ ಅವನಿಗೇ ಮೊದಲು ಹೇಳಿದೆ. ಬೆಳಿಗ್ಗೆ ಎದುರಾದರೆ ‘ಸಾಪ್ಟಿಯಾ’, ಊಟ ಆಯಿತಾ, ಎಂದು ಕೇಳುವ ಮನೆಯೊಡತಿ ಒಂದು ರೊಟ್ಟಿ ತಿಂದು ನೀರು ಕುಡಿದಳು ಎಂದಾಗ ಅಣ್ಣ, "ಆಕಿಗಿ ಶೇಂಗಾ ಹಿಂಡಿ ಕೊಟ್ಟಿಲ್ಲೇನ, ಬರೇ ರೊಟ್ಟಿ ನುಂಗಸಿದಿ?" ಎಂದು ಬೈದ. ಹಿಂಡಿ ಎಂದರೆ ನಮ್ಮಲ್ಲಿ ಚಟ್ನಿಪುಡಿ.

ಒಂದು ಸೋಮವಾರ "ನಾಕ ಫೂಟ ಐತಿ" ಅಂದ. ಮಂಗಳವಾರ ಫೋನು ಬರಲಿಲ್ಲ. ಗೇಟಿನ ಮೇಲಿರಬೇಕು, ನಿನ್ನೆ ಆರಾಮ ಇದ್ದ, ಇವತ್ತೂ ಇರುತ್ತಾನೆ ಎಂದುಕೊಂಡು ಬಸ್ಸು ಹತ್ತಿದೆ. ಫ್ಯಾಕ್ಟರಿಯ ಬಾಗಿಲಲ್ಲಿ ಫೋನು ಲಾಕರಿನಲ್ಲಿಟ್ಟು ಹೋಗಬೇಕು. ಸಂಜೆ ತೆಗೆದಾಗ ವೈನಿಯ, ಅಂದರೆ ಅತ್ತಿಗೆಯ, ಕರೆಗಳು ಸಾಲಾಗಿ ಇದ್ದವು. ಬೆಳಕು ಹರಿಯುವಾಗ ಅಣ್ಣ ಗೇಟಿನ ಬಳಿ ಎದೆ ಹಿಡಿದುಕೊಂಡು ಕುಸಿದಿದ್ದ. ಗೋಕಾಕಕ್ಕೆ ಒಯ್ದಿದ್ದರು. ನಾನು ಲಾಕರು ತೆಗೆಯುವ ಹೊತ್ತಿಗೆ ಹೋಗಿಬಿಟ್ಟಿದ್ದ.

ನಾನು ಊರು ಮುಟ್ಟುವತನಕ ಅವನನ್ನು ಕೂಡಿಸಿ ಕಾದಿದ್ದರು. ಮಣ್ಣು ಮಾಡಿ ಬಂದ ಮೇಲೆ ವೈನಿ ಹೇಳಿದಳು: "ಹತ್ತರ ತನಕಾ ಮಾತಾಡಾಕತ್ತಿದ್ರು. ಗೌರಿ ಫೋನ ಮಾಡಿದಳೇನ ಅಂತ ಎರಡ ಸಲ ಕೇಳಿದ್ರು. ಏಳಕ್ಕ ಫೋನ ಅವರ ಕಿಸೇದಾಗ ಇತ್ತು."

ಆಕೆ ಅದನ್ನು ಆರೋಪವೆಂದು ಹೇಳಲಿಲ್ಲ. ಆರೋಪವಾಗಿದ್ದರೆ ಉತ್ತರ ಕೊಡಬಹುದಿತ್ತು.

ತಿರುಗಿ ಬಂದಾಗ ಹೊಸ ಟ್ರಕ್ಕಿನ ಫೈಲು ಕಾಯುತ್ತಿತ್ತು. ಉಳಿದ ಸಾಲುಗಳನ್ನೆಲ್ಲ ತುಂಬಿದೆ. ಬ್ರೇಕಿನ ಗಾಳಿಯ ಒತ್ತಡದ ಸಾಲಿಗೆ ಬಂದು ಕೈ ನಿಂತಿತು. ಎಷ್ಟು ಹೊತ್ತು ಕಾಯಬೇಕು? ಏನು ಬರೆದರೂ ಆ ಮಂಗಳವಾರ ಎಷ್ಟು ಹೊತ್ತು ಕಾದು ನಾನೇ ಫೋನು ಮಾಡಬೇಕಿತ್ತು ಎಂದು ಬರೆದಂತಾಗುತ್ತಿತ್ತು. ಸೆಲ್ವಿ ಅಕ್ಕ ಹತ್ತು ದಿನ ಕಾದರು. ಹನ್ನೊಂದನೆಯ ದಿನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು.

"ನಾಳೆ ಶುಕ್ರವಾರ, ಗಾಡಿ ಟೆಸ್ಟಿಗೆ ಹೋಗುತ್ತೆ. ಡ್ರೈವರು ಆ ಮೀಟರು ನಂಬ್ಕೊಂಡು ಕೂರ್ತಾನೆ. ನಾನೇ ತುಂಬಲಾ?"

"ಬ್ಯಾಡ್ರಿ ಅಕ್ಕ, ನಾನ ತುಂಬತೇನಿ."

ಆ ಸುದ್ದಿ ಸೆಕೆಂಡಿಗೆ ಹತ್ತು ಸಲ ಬರಬೇಕು. ಸತತ ಮೂರು ಸಲ ಬರದಿದ್ದರೆ ಕಳೆದುಹೋಯಿತೆಂದು ತಿಳಿ, ಹಳೆಯ ಸಂಖ್ಯೆ ಅಳಿಸು, ಕೆಂಪು ದೀಪ ಹಚ್ಚು. ಇಷ್ಟನ್ನೇ ಹಾಕಿದೆ. ಮರುದಿನ ಟ್ರಕ್ಕಿನೊಳಗೆ ಕೂತು ನೋಡುತ್ತಿದ್ದಂತೆ ಟೆಸ್ಟಿನವನೊಬ್ಬ ಬೇಕೆಂದೇ ಆ ಸುದ್ದಿಯ ತಂತಿ ಕಿತ್ತ. ಮೀಟರಿನ ಸಂಖ್ಯೆ ಹೋಗಿ ಕೆಂಪು ದೀಪ ಹತ್ತಿತು. ಸೆಲ್ವಿ ಅಕ್ಕ ತಲೆಯಾಡಿಸಿದರು.

ಈಗ ಏಳಕ್ಕೆ ನಾನೇ ವೈನಿಗೆ ಫೋನು ಮಾಡುತ್ತೇನೆ. ಎತ್ತದಿದ್ದರೆ ಮೂರು ಸಲ ಮಾಡಿ, ಬಾಜೂ ಮನೆಯವರಿಗೆ ಮಾಡುತ್ತೇನೆ.

"ಎಮ್ಮಿ ಹಿಂಡಾಕತ್ತಿದ್ನೆವಾ, ಸತ್ತಿಲ್ಲ ನಾ" ಎಂದು ಆಕೆ ಬೈಯುತ್ತಾಳೆ.

ಕಾಲುವೆಯಲ್ಲಿ ಎಷ್ಟು ನೀರಿದೆ ಎಂದು ನಾನು ಕೇಳುವುದಿಲ್ಲ. ಆಕೆ ಆ ಕಡೆ ಹೋಗುವುದಿಲ್ಲ. ಗೇಟಿಗೆ ಹೊಸಬ ಬಂದಿದ್ದಾನಂತೆ. ಇಲ್ಲಿಯ ಯಾವ ಟ್ರಕ್ಕಿನಲ್ಲೂ ಹಳೆಯ ಸಂಖ್ಯೆ ನಿಲ್ಲಲು ನಾನು ಬಿಡುವುದಿಲ್ಲ. ಮೂಡಲಗಿಯ ಕಾಲುವೆಯಲ್ಲಿ ಮಾತ್ರ ನನಗೆ ಇವತ್ತಿಗೂ ನಾಲ್ಕು ಫೂಟು ನೀರಿದೆ.