ಬಂಡೆಯ ಸಪ್ಪಳ ಬದಲಾದ ದಿನ

ಕಿವಿ ಹೋದವರಿಗೆ ಒಳಗಿನ ಕಿವಿಯೊಂದಿರುತ್ತದೆ ಎಂದು ಹಿರಿಯರು ಹೇಳಿದಾಗಲೆಲ್ಲ ನಾನು ನಕ್ಕವಳು. ಇಂಥ ಮಾತನ್ನು ನಂಬುವ ಸ್ವಭಾವ ನನ್ನದಲ್ಲ. ಆದರೂ ಆ ಒಂದು ಸಂಜೆಯನ್ನು ನಡೆದಂತೆಯೇ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಿಜಾಮರ ಕಾಲ. ಲಿಂಗಸೂಗೂರಿನಿಂದ ಮಸ್ಕಿ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ದೂರದ ಹಳ್ಳದಿಂದ ಕೊಡ ಹೊತ್ತು ಹೊತ್ತು ನೆತ್ತಿ ಸವೆದಿತ್ತು. ಮನೆ ಹತ್ತಿರದ ಹೊಲದಲ್ಲಿ ಮಾವನವರು ಬಾವಿ ತೋಡಿಸುತ್ತಿದ್ದರು. ಎಷ್ಟು ಇಳಿದರೂ ಬರೀ ಬಂಡೆ. ತೋಡುವ ಹನುಮಪ್ಪ ಮರುದಿನ ಸಿಂಧನೂರಿನ ಕಡೆ ಬೇರೊಂದು ಬಾವಿಗೆ ಹೋಗುವವನಿದ್ದ. "ಇವತ್ತ ಹೊತ್ತು ಮುಳುಗೂದ್ರಾಗ ನೀರು ಬರಲಿಲ್ಲಂದ್ರ ಮುಚ್ಚಿಬಿಡೂಣು" ಎಂದಿದ್ದರು ಮಾವ. ನನಗೆ ಮತ್ತೆ ಹಳ್ಳದ ದಾರಿಯೇ.

ಹಾರೆ ಹಾಕುವವನ ಕಿವಿ ಆ ಸದ್ದಿಗೇ ಮಂದವಾಗುತ್ತದೆ. ಅದಕ್ಕೆ ದಂಡೆಯ ಮೇಲೊಬ್ಬರು ಕೂತು ಏಟಿನ ಸಪ್ಪಳ ಕೇಳಬೇಕೆಂಬುದು ಬಾವಿ ತೋಡುವವರ ಪದ್ಧತಿ. ಗಟ್ಟಿ ಬಂಡೆ ಠಣ್ ಅನ್ನುತ್ತದೆ. ಕೆಳಗೆ ನೀರಿದ್ದರೆ ಸಪ್ಪಳ ಪೊಳ್ಳಾಗುತ್ತದೆ. ಆಗ ಕೂಗಿ ಹೇಳಿದರೆ ಅಲ್ಲಿಯೇ ಹಾರೆ ಹಾಕುತ್ತಾರೆ. ದಿನಾ ಕೇಳುತ್ತಿದ್ದವಳು ಹನುಮಪ್ಪನ ಹೆಂಡತಿ. ಆಕೆ ಸಾಮಾನು ಕಟ್ಟಿಕೊಂಡು ಮುಂದೆ ಹೋಗಿದ್ದರಿಂದ ಅಂದು ನನ್ನನ್ನು ಕೂರಿಸಿದರು.

ನೀರಿನ ಆಸೆಗೆ ನನಗೆ ಪ್ರತಿ ಏಟೂ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು. ಮಧ್ಯಾಹ್ನದೊಳಗೆ ಮೂರು ಸಲ "ಬದಲಾತು" ಎಂದು ಕೂಗಿದೆ. ಒಮ್ಮೆ ಸಡಿಲ ಕಲ್ಲು, ಒಮ್ಮೆ ಹಾರೆ ಜಾರಿದ್ದು, ಮೂರನೆಯದು ಹನುಮಪ್ಪನ ಕೆಮ್ಮು.

"ಅಕ್ಕಾರ, ಒಂದು ಏಟು ಬ್ಯಾರೆ ಆದ್ರ ಬದಲಾದಂಗಲ್ರೀ. ಮುಂದಿನ್ವೂ ಹಂಗ ಬರಬೇಕು. ನನ್ನ ಕೆಮ್ಮಿನಾಗ ನೀರೆಲ್ಲಿ ಹುಡಕ್ತೀರಿ?" ಎಂದು ಕೆಳಗಿನಿಂದ ನಕ್ಕ. ಆಮೇಲೆ ನಾನು ಬಾಯಿ ಬಿಗಿಹಿಡಿದೆ.

ಸಂಜೆ ಮಾವನವರ ತಾಯಿ, ನಮ್ಮ ಅಜ್ಜಿ, ಹೊರಡುವ ಕೆಲಸಗಾರರಿಗೆಂದು ಎತ್ತಿನ ಬಂಡಿಯಲ್ಲಿ ಹೋಳಿಗೆಯ ಬುಟ್ಟಿ ತಂದು, ಇಳಿಯದೆ ಅದರಲ್ಲೇ ಕೂತಿದ್ದರು. ಅವರ ಕಿವಿ ಪೂರ್ತಿ ಹೋಗಿ ಎಷ್ಟೋ ವರ್ಷವಾಗಿತ್ತು. ಗುಡುಗೂ ಕೇಳದು, ಅವರಿಗೆ ನಾವು ಏನು ಹೇಳಿದರೂ ಕೈಸನ್ನೆಯಲ್ಲೇ. ಕೆಳಗೆ ಬಡಗಣ ಮೂಲೆಯಲ್ಲಿ ಹೊಡೆಯುತ್ತಿದ್ದ ಹನುಮಪ್ಪ ಸಾಕೆಂದು ಹಗ್ಗ ಹಿಡಿದು ಮೇಲೆ ಬಂದ.

"ಯಾಕ ಬಿಟ್ಟಿಯೋ? ಈಗ ಸಪ್ಪಳ ಬದಲಾಗಿತ್ತಲ್ಲ" ಎಂದರು ಅಜ್ಜಿ.

ಮಾವ ನಕ್ಕುಬಿಟ್ಟರು. "ನಾ ಬಗಲಾಗ ನಿಂತು ಒದರಿದ್ರ ಕೇಳಂಗಿಲ್ಲ, ನಮ್ಮವ್ವಗ ಬಾವ್ಯಾಗಿನ ಸಪ್ಪಳ ಕೇಳೇತಿ ನೋಡ್ರಿ."

ನಾನು ಕೇಳಿದ್ದು ಬರೀ ಠಣ್ ಠಣ್. ಹನುಮಪ್ಪನೊಬ್ಬ ನಗಲಿಲ್ಲ. "ಹಿರ್ಯಾರು ಹೇಳ್ಯಾರ, ಇನ್ನ ನಾಕು ಏಟು ಹಾಕ್ತೀನಿ ತಗೋರಿ" ಎಂದು ಇಳಿದ. ಅದೇ ಮೂಲೆ. ಆಗಲೂ ಠಣ್ ಎಂದೇ ಕೇಳುತ್ತಿತ್ತು. ಹತ್ತಾರು ಏಟಿಗೆ ಹಾರೆ ಅರ್ಧ ಒಳಗೆ ಹೋಯಿತು. ಎಳೆದರೆ ಅದರ ಹಿಂದೆಯೇ ನೀರು. ಪಾದ ಮುಳುಗಿತು, ಮೊಣಕಾಲು ಮುಳುಗಿತು. "ಹಗ್ಗ ಬಿಡ್ರೋ, ಮುಳುಗಾಕತ್ತೀನಿ" ಎಂದು ಅವನು ನಗುತ್ತಲೇ ಕೂಗಿದ. ಮಾವ ರುಮಾಲು ಬಿಚ್ಚಿ ಬೀಸಿದರು. ಮೊದಲ ಕೊಡದ ಕೆಸರು ನೀರನ್ನು ನಾನು ಬೊಗಸೆಯಲ್ಲಿ ಕುಡಿದೆ. ಒದ್ದೆ ಕೈಯಲ್ಲೇ ಎಲ್ಲರೂ ಹೋಳಿಗೆ ತಿಂದೆವು.

ನೆಲದ ಅದುರು ಕಾಲಿಗೆ ತಿಳಿದಿರಬೇಕು ಎನ್ನೋಣವೆಂದರೆ, ಅಜ್ಜಿ ಬಂಡಿಯಲ್ಲಿ ಹುಲ್ಲಿನ ಮೇಲೆ ಕಾಲು ಮಡಚಿ ಕೂತವರು. ಊಹಿಸಿ ಹೇಳುವ ಜಾಯಮಾನವೂ ಅವರದಲ್ಲ. ಎಷ್ಟು ಯೋಚಿಸಿದರೂ ನನಗೆ ಇಂದಿಗೂ ಬಗೆಹರಿದಿಲ್ಲ.

ಅವರನ್ನೇ ಎಷ್ಟೋ ಸಲ ಸನ್ನೆಯಲ್ಲಿ ಕೇಳಿದ್ದೇನೆ. ಪ್ರತಿ ಸಲವೂ ಅವರು ನನ್ನ ಕಿವಿಯನ್ನು ಮೆಲ್ಲಗೆ ಮುಟ್ಟಿ, ನಿಜವಾದ ಮರುಕದಿಂದ ಹೇಳುತ್ತಿದ್ದುದು ಒಂದೇ ಮಾತು:

"ದಂಡಿ ಮ್ಯಾಲೇ ಕುಂತಿದ್ದೆಲ್ಲವ್ವಾ, ನಿನಗ ಕೇಳಲಿಲ್ಲೇನು?"