ಬಾಯಿಬಿಡದ ಉಜ್ಜಿನಪ್ಪ

ಬಳ್ಳಾರಿಯ ದೊಡ್ಡಬಸವರಾಜನ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸಲು ಕೂತರೆ ಕುರುಗೋಡಿನ ಉಜ್ಜಿನಪ್ಪನನ್ನು ಮೀರಿಸುವವರಿರಲಿಲ್ಲ. ಸಿರುಗುಪ್ಪ ಕಡೆಯಿಂದ ಮದುವೆ ಜವಳಿಗೆ ಬಂದ ಹೆಂಗಸರು ರೇಟು ಇಳಿಸೆಂದು ಎಷ್ಟು ಜಗ್ಗಿದರೂ ಆತ ನಗುನಗುತ್ತಲೇ ಜಗ್ಗಾಡುತ್ತಿದ್ದ. ಕೊನೆಗೆ ತಾನೇ ಸೋತವನಂತೆ ಮುಖ ಮಾಡಿ ಲಾಭಕ್ಕೇ ಕೊಡುತ್ತಿದ್ದ. ಹೇಳಿದಷ್ಟನ್ನು ತೆಪ್ಪಗೆ ಎಣಿಸಿ ಕೊಡುವ ಗಿರಾಕಿ ಸಿಕ್ಕರೆ, ಅವರು ಮೆಟ್ಟಿಲಿಳಿದ ಮೇಲೆ "ಪಾಪ, ದೇವರಂಥ ಜನ" ಎಂದು ಕಣ್ಣು ಮಿಟುಕಿಸುತ್ತಿದ್ದ.

ಇಂಥವನಿಗೆ ತನ್ನ ಪಗಾರದ ಮಾತೆತ್ತಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ದೀಪಾವಳಿಗೆ ಸಾವುಕಾರ ದೊಡ್ಡಬಸವರಾಜ ತಾನಾಗಿ ಏರಿಸಿದಷ್ಟೇ ಏರಿಕೆ. "ಅವರಿಗೆ ಗೊತ್ತಾಗೂದಿಲ್ಲೇನು? ಕೇಳಿ ಇಸಗೊಂಡ್ರ ಮರ್ಯಾದಿ ಏನ್ ಉಳೀತು?" ಎನ್ನುತ್ತಿದ್ದ. ಆ ಮರ್ಯಾದೆಯ ಖರ್ಚು ಬಿದ್ದದ್ದು ದೊಡ್ಡ ಮಗಳು ಅರುಣಾಳ ಮೇಲೆ. ಆಕೆಗೆ ನರ್ಸಿಂಗ್ ಸೀಟು ಸಿಕ್ಕಿತ್ತು, ಫೀಸಿಗೆ ದುಡ್ಡು ಹೊಂದಲಿಲ್ಲ. ಹುಡುಗಿ ಅಳಲಿಲ್ಲ, ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಸೇರಿಕೊಂಡಳು.

ಈ ವರ್ಷ ಸಣ್ಣವಳು ಸೌಂದರ್ಯಳಿಗೂ ಅಂಥದೇ ಸೀಟು. ಹೆಂಡತಿ ಚನ್ನವೀರಮ್ಮ ಬೆಳಿಗ್ಗೆಯೇ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತು ಕೇಳಿದ್ರ ಮನಿಗೆ ಬರ್ರಿ. ಇಲ್ಲಂದ್ರ ಅಂಗಡ್ಯಾಗ ಸೀರಿ ಉಡಿಸಿಟ್ಟ ಗೊಂಬಿ ಬಾಜೂಕ ನೀವೂ ಒಂದು ಉಟ್ಕೊಂಡು ನಿಂದರ್ರಿ."

ಬಸ್ಸಿನುದ್ದಕ್ಕೂ ಉಜ್ಜಿನಪ್ಪ ಲೆಕ್ಕ ಹಾಕಿದ. ಐದು ಸಾವಿರ ಕೇಳುವುದು, ಸಾವುಕಾರ ಒಂದೆನ್ನುತ್ತಾನೆ, ಎರಡಕ್ಕೆ ಬಂದು ನಿಂತರೆ ಗೆದ್ದಂತೆ. ಅಂಗಡಿಗೆ ಬಂದವನೇ ಸೀದಾ ಸಾವುಕಾರನ ಗಲ್ಲಾದ ಮುಂದೆ ಹೋಗಿ ನಿಂತ.

"ಸಾವ್ಕಾರ್ರೇ, ತಿಂಗಳಿಗೆ ಐದು ಸಾವಿರ ಜಾಸ್ತಿ ಮಾಡ್ಬೇಕ್ರಿ. ಸಣ್ಣಾಕಿ ಓದು ಐತಿ."

"ಆತು, ತಗೋ."

ಜಗ್ಗಾಟಕ್ಕೆಂದು ಕಟ್ಟಿಕೊಂಡು ಬಂದ ಮಾತುಗಳೆಲ್ಲ ಬಾಯಲ್ಲೇ ಉಳಿದವು. "ಹಂಗಲ್ರೀ... ಒಂದೇ ಮಾತಿಗೆ..."

"ಮತ್ತೇನು, ಕಡಿಮಿ ಮಾಡ್ಲೇನು?" ಸಾವುಕಾರ ನಕ್ಕ. "ದೊಡ್ಡಾಕಿಗೆ ಸೀಟು ಸಿಕ್ಕಾಗನ ನೀ ಕೇಳ್ತಿ ಅಂತ ದಾರಿ ನೋಡಿದ್ದೆ. ನೀ ಬಾಯೇ ಬಿಡ್ಲಿಲ್ಲ, ನಾನ್ಯಾಕ ಬಿಡ್ಲಿ? ಕೇಳಲಾರದ ಗಿರಾಕಿಗೆ ನೀ ಎಂದಾದ್ರೂ ರೇಟು ಇಳಿಸೀಯೇನಪಾ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸಾವುಕಾರ ಪ್ರೀತಿಯಿಂದಲೇ ಅಂದಿದ್ದ, ಮೇಲೆ ಚಹಾ ಬೇರೆ ತರಿಸಿದ. ಮಧ್ಯಾಹ್ನ ಸಿರಿಗೇರಿಯ ಮುದುಕಿಯೊಬ್ಬಳು ಎದುರು ಮಾತಾಡದೆ ರೊಕ್ಕ ಕೊಟ್ಟಾಗ ಉಜ್ಜಿನಪ್ಪ ತಲೆಯೆತ್ತಲೇ ಇಲ್ಲ.

ಸಂಜೆ ಮನೆಯಲ್ಲಿ ಸುದ್ದಿ ಕೇಳಿ ಚನ್ನವೀರಮ್ಮ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಅರುಣಾ ಆಗಷ್ಟೇ ಕೆಲಸದಿಂದ ಬಂದು, ಜೀನ್ಸಿನ ನೀಲಿ ಹತ್ತಿದ ಬೆರಳು ತೊಳೆಯುತ್ತಿದ್ದಳು.

"ಅಪ್ಪಾ, ನನ್ನ ಹೊತ್ತಿನ್ಯಾಗ ಕೇಳಿದ್ರೂ ಕೊಡ್ತಿದ್ರೇನು?"

ಅಷ್ಟು ಸೀರೆ ಮಾರಿದ ಬಾಯಿ ತಡವರಿಸಿತು. "ಇಲ್ಲವ್ವಾ. ಆಗ ಯಾಪಾರ ಡಲ್ ಇತ್ತು. ಕೇಳಿದ್ರೂ ಕೊಡ್ತಿದ್ದಿಲ್ಲ."

"ನಾನೂ ಹಂಗ ಅನ್ಕೊಂಡಿದ್ದೆ," ಎಂದು ಅರುಣಾ ಕೈ ಒರೆಸಿಕೊಂಡು ಅಳತೆಯ ಟೇಪು ತೆಗೆದಳು. "ಲೇ ಸೌಂದರ್ಯಾ, ಬಾ ಇಲ್ಲಿ. ಬಿಳಿ ಕೋಟು ನಾನ ಹೊಲಿತೀನಿ. ಹೊರಗ ಕೊಟ್ರ ಸುಮ್ನ ಖರ್ಚು."

"ಅಳತಿ ಯಾಕಕ್ಕಾ? ನಿನ್ನ ಅಳತಿನ ಇಟ್ಟು ಹೊಲಿ. ನನಗೂ ಸರಿ ಆಗತೈತಿ."

ಅಕ್ಕ ಟೇಪನ್ನು ತನ್ನ ಭುಜದ ಮೇಲೆಯೇ ಹಿಡಿದು ನೋಡಿಕೊಂಡಳು. ಉಜ್ಜಿನಪ್ಪ ನೀರು ಕುಡಿಯುವ ನೆವ ಮಾಡಿಕೊಂಡು ಒಳಗೆ ಎದ್ದುಹೋದ.