ಅತ್ತೆಯ ಬಸಿ, ನನ್ನ ಬಾಜಾ

ಮೊನ್ನೆ ಹುಮನಾಬಾದ್ ಬಸ್ ನಿಲ್ದಾಣದ ಹೋಟೆಲಿನಲ್ಲಿ ಪಕ್ಕದ ಮೇಜಿನವರೊಬ್ಬರು ಬಸಿಗೆ ಚಹಾ ಸುರಿದುಕೊಂಡು ಸುರ್ರ್ ಎಂದು ಎಳೆದರು. ನನ್ನ ನಾಲಿಗೆ ತಾನಾಗಿಯೇ ಬಾಯೊಳಗೆ ಹಿಂದಕ್ಕೆ ಸರಿಯಿತು. ಕಂಡವರ ಚಹಾಕ್ಕೆ ಇವಳ ನಾಲಿಗೆ ಯಾಕೆ ಕುಣಿಯಬೇಕು ಅಂತೀರಾ? ಅದಕ್ಕೆ ನನ್ನ ಸೋದರತ್ತೆಯೇ ಕಾರಣ.

ಕಾಲೇಜಿಗೆ ಹೋಗುವಾಗ ಬಸವಕಲ್ಯಾಣದ ಬಜಾರಿನಲ್ಲಿ ಒಂದು ಮೌತ್ ಆರ್ಗನ್, ನಮ್ಮ ಮನೆಮಾತಿನಲ್ಲಿ ಬಾಜಾ, ಕೊಂಡಿದ್ದೆ. ನಾನು ಅದನ್ನು ತುಟಿಗಿಟ್ಟ ಕೂಡಲೇ ಮನೆಯವರಿಗೆಲ್ಲ ಹೊರಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಹುಮನಾಬಾದಿನಲ್ಲಿದ್ದ ಅತ್ತೆ ಅಲ್ಲಿಯ ಹೆಂಗಸರ ಸೋಮವಾರದ ಭಜನೆಗೆ ಮುಂದಾಳು. ಆ ಭಜನೆಯಲ್ಲಿ ಅವಳ ಪಕ್ಕ ಕೂತು ನುಡಿಸಬೇಕೆಂಬುದೇ ನನ್ನ ಹಂಬಲ.

"ಎಂಜಲ ಬಾಜಾ ದೇವರ ಮುಂದ ಬ್ಯಾಡ" ಅಂದಳು.

"ಶಂಖಾನೂ ಬಾಯಿಗಿಟ್ಟೇ ಊದ್ತಾರಲ್ಲ ಅತ್ತಿ?"

ಅತ್ತೆ ನನ್ನನ್ನೇ ನೋಡಿ ಷರತ್ತು ಹಾಕಿದಳು. "ಮಂಗಳಾರತಿ ಪದದ ಕೊನೀಗೆ ದನಿ ಕೆಳಗ ಜಾರ್ತದಲ್ಲ, ಹಂಗ ನಿನ್ನ ಬಾಜಾ ಜಾರಬೇಕು. ಜಾರಿದ್ರ ನನ್ನ ಬಾಜೂಕ ಕೂಡು. ಇಲ್ಲಾಂದ್ರ ಚಪ್ಪಾಳಿ ಹೊಡಿ."

ಮೌತ್ ಆರ್ಗನ್‌ನಲ್ಲಿ ಸ್ವರ ಜಾರಿಸುವುದೆಂದರೆ, ಉಸಿರನ್ನು ಒಳಗೆ ಎಳೆಯುತ್ತಲೇ ನಾಲಿಗೆಯನ್ನು ಹಿಂದಕ್ಕೆ ಬಾಗಿಸಬೇಕು. ಫೋನಿನಲ್ಲಿ ಕಲಿಸುವವರ ವಿಡಿಯೊ ನೋಡಿದೆ. ಕಂಡದ್ದು ಅವರ ಗಲ್ಲ ಮಾತ್ರ. ಆಟವೆಲ್ಲ ನಡೆಯುವುದು ಬಾಯೊಳಗೆ, ಅಲ್ಲಿಗೆ ಕ್ಯಾಮೆರಾ ಹೋಗುವುದಿಲ್ಲ. ನಾನು ಎಷ್ಟು ಎಳೆದರೂ ಸ್ವರ ಸರ್ಕಾರಿ ನೌಕರನ ಹಾಗೆ ಇದ್ದ ಕುರ್ಚಿ ಬಿಟ್ಟು ಏಳಲಿಲ್ಲ.

ಒಂದು ಸೋಮವಾರ ಬಸ್ಸಿಳಿದು ಅತ್ತೆಯ ಮನೆಗೆ ಹೊರಟಿದ್ದೆ. ಹಳ್ಳಿಖೇಡದ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರ್ ರಸ್ತೆಯಲ್ಲಿ ನಿಂತಿತ್ತು. ನಮ್ಮ ಕಡೆ ಅದರಿಂದ ಒಂದು ಜಲ್ಲೆ ಎಳೆಯದವರು ಯಾರಿದ್ದಾರೆ? ಎಳೆದೆ, ಸಿಗಿದು ತಿಂದೆ, ಬಾಯಿ ಸಹ ಒರೆಸಿಕೊಳ್ಳದೆ ಬಾಜಾ ತುಟಿಗಿಟ್ಟು ಉಸಿರೆಳೆದೆ. ಏನಾಶ್ಚರ್ಯ, ಸ್ವರ ಮೆಲ್ಲಗೆ ಜಾರಿತು. ಕಲಿತೇಬಿಟ್ಟೆನೆಂದು ಓಡಿದೆ.

ಭಜನೆಯ ಹೆಂಗಸರೆಲ್ಲ ಕೂತಿದ್ದರು. ಗತ್ತಿನಿಂದ ಬಾಜಾ ತುಟಿಗಿಟ್ಟು ಎಳೆದೆ. ಸದ್ದೇ ಇಲ್ಲ. ಹಸಿಯಿದ್ದಾಗ ಒಳಗಿನ ತಗಡುಗಳಿಗೆ ಭಾರವಾಗಿ ಸ್ವರ ಜಾರಿಸಿದ್ದ ಕಬ್ಬಿನ ರಸ ಈಗ ಅಂಟಿ ಒಣಗಿತ್ತು. ಜಾರಿದ್ದು ನನ್ನ ವಿದ್ಯೆಯಲ್ಲ, ಸಕ್ಕರೆ. ಹೆಂಗಸರು ನಕ್ಕ ನಗೆಗೆ ನನ್ನ ಕಣ್ಣು ತುಂಬಿತು. ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತೆ.

ಭಜನೆ ಮುಗಿಸಿ ಬಂದ ಅತ್ತೆ ಚಹಾ ಮಾಡಿ ಒಲೆಯಿಂದ ಇಳಿಸಿಟ್ಟು, ಬಾಜಾವನ್ನು ಬೆಚ್ಚನೆ ನೀರಿನಲ್ಲಿ ಬಹಳ ಹೊತ್ತು ಜಾಲಿಸಿ, ಒರೆಸಿ ನನ್ನ ತೊಡೆಯ ಮೇಲಿಟ್ಟಳು. ಚಹಾವನ್ನು ಬಸಿಗೆ ಸುರಿದುಕೊಂಡು ಓಣಿಗೆಲ್ಲ ಕೇಳುವಂತೆ ಸುರ್ರ್ ಎಂದು ಎಳೆದಳು. ನನಗೆ ಸಿಟ್ಟು ಬಂತು. ಅವಳನ್ನು ಅಣಕಿಸಲೆಂದೇ ಬಾಜಾ ಬಾಯಿಗಿಟ್ಟು, ಅವಳ ಹಾಗೆಯೇ ಸುರ್ರ್ ಎಂದು ಎಳೆದೆ. ನಾಲಿಗೆ ತಾನಾಗಿ ಹಿಂದಕ್ಕೆ ಸರಿಯಿತು, ಸ್ವರ ಜಾರಿತು! ಮತ್ತೆ ಎಳೆದೆ, ಮತ್ತೆ ಜಾರಿತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಮುಂದಿನ ಸೋಮವಾರದಿಂದ ಅವಳ ಪಕ್ಕದ ಜಾಗ ನನ್ನದಾಯಿತು.

ಮೊನ್ನೆ ಹೋಟೆಲಿನಿಂದ ಎದ್ದು ನೇರ ಅತ್ತೆಯ ಮನೆಗೇ ಹೋದೆ. ಚಹಾ ತಂದಿಟ್ಟಳು. ಕೇಳಿಯೇಬಿಟ್ಟೆ: "ಅತ್ತಿ, ಅವತ್ತು ನಾ ನಿನ್ನ ಅಣಕಿಸಾಕತ್ತಿದ್ದು ನಿಂಗ ಗೊತ್ತಿತ್ತೇನ?"

"ಬಾಜಾ ತೊಳೆಯೂದ್ರಾಗ ಚಹಾ ಪೂರಾ ಆರಿತ್ತು, ಖೋಡಿ. ಆರಿದ ಚಹಾ ಯಾರರ ಅಷ್ಟು ಸಪ್ಪಳ ಮಾಡಿ ಕುಡೀತಾರೇನ? ಅಳಾಕತ್ತಿದ್ದಿ. ನೀ ನಕ್ಕರ ಸಾಕಾಗಿತ್ತು ನಂಗ."

ಆ ಆಟ ಹೂಡಿದವಳು ನಾನೇ ಎಂದು ಇಷ್ಟು ವರ್ಷ ಬೀಗಿದ್ದೆ. ನನ್ನ ಬಸಿಯನ್ನು ಮುಂದೆ ಹಿಡಿದೆ. ಅತ್ತೆ ಸುರಿದಳು. ಚಹಾ ಅಷ್ಟೇನೂ ಬಿಸಿಯಿರಲಿಲ್ಲ. ಆದರೂ ಇಬ್ಬರೂ ಓಣಿಗೆಲ್ಲ ಕೇಳುವಂತೆ ಕುಡಿದೆವು.